ಕಾಫಿ ಕಣದಲ್ಲಿ ಜಲಜನಕ

ಆಲೂರಿನ ನಮ್ಮ ಮನೆಗೆ ಆಗಾಗ ರಸಾಯನಶಾಸ್ತ್ರ ಓದುವ ಹುಡುಗ ಹುಡುಗಿಯರು ಬಂದು ಕೂರುತ್ತಾರೆ. ಯಾವ ಪ್ರಯೋಗಾಲಯಕ್ಕೆ ಸೇರಿದರೆ ಒಳ್ಳೆಯದು, ಯಾವ ವಸ್ತುವಿನ ಮೇಲೆ ಕೆಲಸ ಮಾಡಿದರೆ ಬೇಗ ಹೆಸರು ಬರುತ್ತದೆ ಎಂದು ಕೇಳುತ್ತಾರೆ. ಅದನ್ನು ನನಗಿಂತ ಚೆನ್ನಾಗಿ ಹೇಳಬಲ್ಲವರು ಬೇರೆ ಇದ್ದಾರೆ. ನಾನು ಯಾವ ವರ್ಷ ಯಾವ ಹುದ್ದೆಗೆ ಹೋದೆ ಎನ್ನುವುದು ನನಗೇ ಮರೆತಿದೆ. ಮರೆಯದೆ ಉಳಿದಿರುವುದು ಏನು ಮಾಡಬೇಕೆಂದು ತಿಳಿಯದೆ ಹೆದರಿದ ದಿನಗಳು. ಈ ಕೆಲಸಕ್ಕೆ ಬರುವವರಿಗೆ ಅಂಥ ದಿನಗಳ ಬಗ್ಗೆ ಯಾರೂ ಹೇಳುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಬಿಸಿಲಿನಿಂದ ನೀರನ್ನು ಒಡೆದು ಜಲಜನಕ ತೆಗೆಯುವುದು ನನ್ನ ಕೆಲಸವಾಗಿತ್ತು. ಹೇಳುವುದಕ್ಕೆ ಬಹಳ ಸುಲಭ. ನೀರಿಗೆ ಒಂದು ಪುಡಿ ಹಾಕಿ ಬಿಸಿಲಿಗೆ ಇಟ್ಟರೆ ಗುಳ್ಳೆ ಏಳುತ್ತದೆ. ಆ ಗುಳ್ಳೆಯಲ್ಲಿ ಎರಡು ಪಾಲು ಜಲಜನಕ, ಒಂದು ಪಾಲು ಆಮ್ಲಜನಕ. ಜಲಜನಕವನ್ನು ಬೇರ್ಪಡಿಸಿಕೊಂಡರೆ ಅದು ಹೊಗೆಯಿಲ್ಲದ ಇಂಧನ. ಕಷ್ಟವೆಲ್ಲ ಆ ಪುಡಿಯಲ್ಲಿದೆ. ಬೆಳಕು ಬಿದ್ದಾಗ ಪುಡಿಯ ಕಣದೊಳಗೆ ಒಂದು ಎಲೆಕ್ಟ್ರಾನ್ ತನ್ನ ಜಾಗ ಬಿಟ್ಟು ಏಳುತ್ತದೆ. ಅದು ಕಣದ ಮೈಯವರೆಗೆ ಬಂದು ನೀರನ್ನು ಮುಟ್ಟಬೇಕು. ದಾರಿಯಲ್ಲೇ ಸುಸ್ತಾಗಿ ಮತ್ತೆ ತನ್ನ ಜಾಗಕ್ಕೆ ಬಿದ್ದುಬಿಟ್ಟರೆ ಬಿಸಿಲೆಲ್ಲ ಬರೀ ಬಿಸಿಯಾಗಿ ಹೋಗುತ್ತದೆ. ದಾರಿ ಚಿಕ್ಕದಾಗಲೆಂದೇ ಕಣಗಳನ್ನು ಕಣ್ಣಿಗೆ, ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಕೂಡ ಕಾಣದಷ್ಟು ಸಣ್ಣದಾಗಿ ಬೆಳೆಸುತ್ತೇವೆ. ಅದನ್ನೇ ನ್ಯಾನೋ ವಸ್ತು ಎನ್ನುವುದು. ಹಳೆಯ ಬಿಳಿ ಪುಡಿಗಳು ಗಟ್ಟಿ, ಆದರೆ ಬಿಸಿಲಿನಲ್ಲಿ ಒಂದು ಸಣ್ಣ ಪಾಲನ್ನಷ್ಟೇ ಹೀರುತ್ತವೆ. ಹಳದಿ ಪುಡಿಗಳು ಹೆಚ್ಚು ಬೆಳಕು ಹೀರುತ್ತವೆ, ಆದರೆ ನೀರಿನಲ್ಲಿ ಬೇಗ ಕೆಡುತ್ತವೆ. ಈ ಬಿಳಿ ಹಳದಿಗಳ ನಡುವೆ ಓಡಾಡುತ್ತಲೇ ನನ್ನ ತಲೆ ಬೆಳ್ಳಗಾಯಿತು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಮ್ಮೆ ಯಾವ ಪುಡಿ ಹಾಕಿದರೂ ಗುಳ್ಳೆ ಬರತೊಡಗಿತು. ಬರಬಾರದ ಪುಡಿಯಿಂದಲೂ ಬಂತು. ಪ್ರಯೋಗಾಲಯದಲ್ಲಿ ಹಬ್ಬದ ಕಳೆ. ನಮ್ಮ ಮುಖ್ಯಸ್ಥರಾದ ವಾಸುದೇವ್ ಸರ್ ಮಾತ್ರ ನಗಲಿಲ್ಲ. ಒಂದು ವಾರ ನಮ್ಮೆಲ್ಲರ ಕೈಯಲ್ಲೂ ಪಾತ್ರೆ, ನಳಿಕೆ, ಮುಚ್ಚಳ ಎಲ್ಲವನ್ನೂ ಮತ್ತೆ ಮತ್ತೆ ತೊಳೆಸಿದರು. ಕೊನೆಗೆ ಸಿಕ್ಕಿದ್ದು ನೀರು ಕಲಕುವ ಒಂದು ಸಣ್ಣ ಬಿಳಿ ಕಡ್ಡಿ. ಹಿಂದೆ ಯಾವಾಗಲೋ ಪ್ಲಾಟಿನಂ ಬಳಸಿದ ಪ್ರಯೋಗದಲ್ಲಿ ಅದನ್ನು ಕಲಕಲು ಹಾಕಿದ್ದರು. ಅದರ ಮೈಗೆ ಅಂಟಿದ್ದ ಕಣ್ಣಿಗೆ ಕಾಣದಷ್ಟು ಲೋಹ ಪ್ರತಿಯೊಂದು ಪಾತ್ರೆಗೂ ಇಳಿದು ನಮ್ಮನ್ನೆಲ್ಲ ಕುಣಿಸಿತ್ತು. ಅಂದಿನಿಂದ ಒಂದು ಪುಡಿಗೆ ಒಂದೇ ಕಡ್ಡಿ ಎಂಬ ನಿಯಮ ಬಂತು. ನನಗೆ ಬಂದದ್ದು ಬೇರೊಂದು ರೋಗ. ಒಳ್ಳೆಯ ಫಲಿತಾಂಶ ಕಂಡ ಕೂಡಲೇ ಅನುಮಾನ ಹತ್ತಿ ಪಾತ್ರೆ ತೊಳೆಯಲು ಏಳುತ್ತಿದ್ದೆ, ಕೆಟ್ಟ ಫಲಿತಾಂಶ ಬಂದರೆ ನೆಮ್ಮದಿಯಾಗಿ ಊಟ ಮಾಡುತ್ತಿದ್ದೆ.

ಆ ರೋಗವೇ ಮುಂದೊಮ್ಮೆ ನನ್ನನ್ನು ಪೇಚಿಗೆ ಸಿಲುಕಿಸಿತು. ಸಹನಾ ಎಂಬ ಹುಡುಗಿ ಆಗ ನಮ್ಮಲ್ಲಿ ಪಿಎಚ್‌.ಡಿ. ಮಾಡುತ್ತಿದ್ದಳು. ಕಡಿಮೆ ಮಾತಿನವಳು, ಬೆರಳುಗಳು ಮಾತ್ರ ಬಹಳ ಚುರುಕು. ಅವಳು ಬೆಳೆಸಿದ ಒಂದು ಹಳದಿ ಪುಡಿ ಜಲಜನಕವನ್ನು ಧಾರಾಳವಾಗಿ ಕೊಡತೊಡಗಿತು. ವಾಸುದೇವ್ ಸರ್ ಈ ಸಲ ನಕ್ಕರು. ಯೋಜನೆಯನ್ನು ಪರಿಶೀಲಿಸುವ ಹಿರಿಯರನ್ನು ಕರೆಸಿ ತೋರಿಸುವುದೆಂದು ಗೊತ್ತುಮಾಡಿಬಿಟ್ಟರು. ಯೋಜನೆ ಮುಂದುವರಿಯುವುದೂ ನಿಲ್ಲುವುದೂ ಅವರ ಮಾತಿನ ಮೇಲಿತ್ತು.

ಅನಿಲವನ್ನು ಅಳೆಯುವುದು ನನ್ನ ಪಾಲಿನ ಕೆಲಸ. ಯಂತ್ರದ ಪರದೆಯ ಮೇಲೆ ಜಲಜನಕದ ಗೆರೆ ಎತ್ತರಕ್ಕೆ ಎದ್ದಿತ್ತು. ಅದರ ಅರ್ಧದಷ್ಟು ಎತ್ತರದಲ್ಲಿ ಇರಬೇಕಾಗಿದ್ದ ಆಮ್ಲಜನಕದ ಗೆರೆ ಕಾಣಲೇ ಇಲ್ಲ. ನೀರು ಒಡೆದಿದ್ದರೆ ಎರಡೂ ಬರಬೇಕು. ಮರುದಿನ ಹೊಸದಾಗಿ ಮಾಡಿ ನೋಡಿದೆ, ಅದೇ ಕಥೆ. ಊಟದ ಡಬ್ಬಿಯನ್ನು ತೆರೆಯದೆಯೇ ವಾಪಸ್ ಮನೆಗೆ ತಂದೆ. ಹೇಳದಿದ್ದರೆ ಸುಳ್ಳು, ಹೇಳಿದರೆ ಆ ಹುಡುಗಿಯ ವರ್ಷಗಟ್ಟಲೆಯ ದುಡಿಮೆ ನೀರುಪಾಲು.

ಮೊದಲು ಸಹನಾಳಿಗೇ ತೋರಿಸಿದೆ. ಅವಳು ಪರದೆಯನ್ನು ನೋಡುತ್ತ ನಿಂತಳು.

"ನನಗೂ ಅನುಮಾನ ಇತ್ತು ಮೇಡಂ. ಸರ್ ಅಷ್ಟು ಖುಷಿಯಾಗಿದ್ರು, ಬಾಯಿ ಬರಲಿಲ್ಲ" ಎಂದಳು.

ಇಬ್ಬರೂ ಸೇರಿ ಸರ್ ಕೋಣೆಗೆ ಹೋದೆವು. ಅವರು ಕೇಳಿಸಿಕೊಂಡು ಕನ್ನಡಕ ತೆಗೆದರು.

"ಆಮ್ಲಜನಕ ನೀರಲ್ಲಿ ಕರಗಿರುತ್ತೆ ಗಿರಿಜಾ. ಪುಡಿಯ ಮೈಗೆ ಅಂಟಿರುತ್ತೆ. ಎಷ್ಟೋ ಸಲ ಹಾಗಾಗುತ್ತೆ."

"ಸ್ವಲ್ಪ ಕಡಿಮೆ ಬಂದಿದ್ರೆ ಹಾಗೆ ಅನ್ನಬಹುದಿತ್ತು ಸರ್. ಏನೂ ಬಂದಿಲ್ಲ."

"ಹಾಗಾದ್ರೆ ಜಲಜನಕ ಎಲ್ಲಿಂದ ಬರ್ತಿದೆ?"

"ಕಣ ಬೆಳೆಸೋವಾಗ ಒಂದಕ್ಕೊಂದು ಅಂಟದಿರಲಿ ಅಂತ ಎಣ್ಣೆಯಂಥ ವಸ್ತು ಹಾಕ್ತೀವಲ್ಲ ಸರ್. ಅದು ಪೂರ್ತಿ ತೊಳೆದು ಹೋಗಿಲ್ಲ ಅನ್ಸುತ್ತೆ. ಬೆಳಕು ಅದನ್ನ ಒಡೀತಿದೆ, ನೀರನ್ನಲ್ಲ."

ಅವರ ಮುಖ ಕೆಂಪಾಯಿತು. ನನ್ನನ್ನು ಬಿಟ್ಟು ಸಹನಾಳ ಕಡೆ ತಿರುಗಿ, "ನೀನೂ ಇದನ್ನೇ ಹೇಳ್ತೀಯಾ?" ಎಂದರು. ಅವಳು ತಲೆ ತಗ್ಗಿಸಿಕೊಂಡೇ ಹೌದೆಂದಳು. ಅವರು ಎದ್ದು ಕಿಟಕಿಯ ಬಳಿ ಹೋಗಿ ನಿಂತರು. ನಾವು ಹೋಗಬೇಕೋ ಇರಬೇಕೋ ತಿಳಿಯಲಿಲ್ಲ. ಕಡೆಗೆ, "ಬೆಳಕಲ್ಲಿ ಬಿಡದೆ ಇಟ್ಟು ನೋಡಿ. ಎಣ್ಣೆಯಿಂದ ಬರ್ತಿದ್ರೆ ಎಣ್ಣೆ ಮುಗಿದ ಮೇಲೆ ನಿಲ್ಲಬೇಕು" ಎಂದರು. ನಾಲ್ಕೈದು ದಿನದಲ್ಲಿ ಗುಳ್ಳೆ ಇಳಿಯುತ್ತ ಬಂದು ನಿಂತೇ ಹೋಯಿತು. ಹಿರಿಯರಿಗೆ ಅವರೇ ಫೋನ್ ಮಾಡಿದರು. ನಮ್ಮ ಯಾರ ಹೆಸರನ್ನೂ ಎತ್ತದೆ, ಅವಸರ ಮಾಡಿದ್ದು ತಾವೇ ಎಂದರು. ಹೇಗೋ ಯೋಜನೆ ನಿಲ್ಲಲಿಲ್ಲ. ನನ್ನೊಡನೆ ಮಾತ್ರ ಬಹಳ ದಿನ ಸರಿಯಾಗಿ ಮಾತಾಡಲಿಲ್ಲ. ಮೇಲಿನವರಿಗೆ ಸತ್ಯ ಹೇಳಿದರೆ ಬೆನ್ನು ತಟ್ಟುತ್ತಾರೆಂದು ಯಾರಾದರೂ ಹೇಳಿದ್ದರೆ ನಂಬಬೇಡಿ. ಒಳ್ಳೆಯವರಾದರೆ ಕೆಲಸವನ್ನು ತಿದ್ದಿಕೊಳ್ಳುತ್ತಾರೆ, ಅಷ್ಟನ್ನು ನಿರೀಕ್ಷಿಸಬಹುದು.

ಸಹನಾ ಬಿಳಿ ಪುಡಿಗೆ ಮರಳಿದಳು. ಈ ಸಲ ಕಣಗಳನ್ನು ಚೌಕ ಸಕ್ಕರೆ ತುಂಡುಗಳಂತೆ ಸಪಾಟು ಮುಖಗಳಿರುವ ಹಾಗೆ ಬೆಳೆಸಿದಳು. ಒಂದು ಮುಖದಲ್ಲಿ ಜಲಜನಕ, ಇನ್ನೊಂದು ಮುಖದಲ್ಲಿ ಆಮ್ಲಜನಕ ಹುಟ್ಟುವಂತೆ ಬೇರೆ ಬೇರೆ ಲೋಹವನ್ನು ಬೇರೆ ಬೇರೆ ಮುಖಕ್ಕೆ ಕೂರಿಸಿದಳು. ಬಂದ ಅನಿಲ ಹೆಚ್ಚಲ್ಲ, ಆದರೆ ಎರಡು ಗೆರೆಗಳೂ ಬಂದವು, ಎರಡಕ್ಕೆ ಒಂದರಂತೆ.

ಪ್ರಯೋಗಾಲಯದ ದೀಪದ ಕೆಳಗೆ ನಡೆದದ್ದು ಬಯಲಿನಲ್ಲೂ ನಡೆಯಬೇಕಲ್ಲ. ಒಣ ಸೀಮೆಯಲ್ಲಿ ಒಂದು ತಂಡ ಪರೀಕ್ಷೆಗೆ ಇಳಿಯಿತು. ಮೋಡ, ಮಂಜು, ಪಾಚಿ, ಧೋ ಎನ್ನುವ ಮಳೆ ಇರುವ ಕಡೆಗೆ ಹೋಗಲು ಇನ್ನೊಂದು ತಂಡ ಬೇಕಿತ್ತು. ನಾನು ಮಲೆನಾಡಿನ ಈ ಕಡೆಯವಳೆಂದು ಸರ್ ನನ್ನನ್ನೇ ಕಳಿಸಿದರು. ಸಹನಾಳೂ ಬಂದಳು. ಯಸಳೂರಿನಿಂದ ಬಿಸಿಲೆ ಕಡೆಗೆ ಹೋಗುವ ದಾರಿಯಲ್ಲಿ ಸೋಮೇಗೌಡರೆಂಬ ಸಣ್ಣ ಬೆಳೆಗಾರರು ತಮ್ಮ ಹಳೆಯ ಕಾಫಿ ಕಣವನ್ನೂ ಅದರ ಅಂಚಿನಲ್ಲಿ ಕಾಫಿ ಮೂಟೆ ಇಡುತ್ತಿದ್ದ ಇಟ್ಟಿಗೆಯ ಸ್ಟೋರನ್ನೂ ನಮಗೆ ಬಿಟ್ಟುಕೊಟ್ಟರು. ಹಣ್ಣು ಒಣಗಿಸಲು ಮಾಡಿದ ಸಿಮೆಂಟಿನ ಅಂಗಳ, ಮರದ ನೆರಳೇ ಇಲ್ಲ. ನಮಗೂ ಅದೇ ಬೇಕಿತ್ತು. ನಮ್ಮ ಮಾತಿನಲ್ಲಿ ಪುಡಿಯ ಕಣ, ಊರವರ ಮಾತಿನಲ್ಲಿ ಕಾಫಿ ಕಣ, ಮೊದಮೊದಲು ಫೋನಿನಲ್ಲಿ ಬಹಳ ಗೊಂದಲವಾಗುತ್ತಿತ್ತು.

ಪುಡಿಯನ್ನು ಹಾಳೆಗಳ ಮೇಲೆ ಬಳಿದು, ತೆಳ್ಳಗಿನ ತಟ್ಟೆಗಳಲ್ಲಿ ಇಟ್ಟು, ನೀರು ಬಿಟ್ಟು, ಮೇಲೆ ಗಾಜು ಮುಚ್ಚಿ, ಸಾಲಾಗಿ ಜೋಡಿಸಿದೆವು. ತಟ್ಟೆಗಳಿಂದ ಅನಿಲ ಸಣ್ಣ ನಳಿಕೆಗಳಲ್ಲಿ ಸ್ಟೋರಿಗೆ ಹೋಗುತ್ತಿತ್ತು. ಅಲ್ಲಿ ಜಲಜನಕವನ್ನು ಬೇರ್ಪಡಿಸಿ, ಅಳೆದು, ಮಾಡಿನಿಂದ ಹೊರಗೆ ಚಾಚಿದ ಒಂದು ಕೊಳವೆಯಿಂದ ಆಕಾಶಕ್ಕೆ ಬಿಡುತ್ತಿದ್ದೆವು. ವೈರಿಂಗ್ ಮತ್ತು ಪಂಪು ನೋಡಿಕೊಳ್ಳಲು ಮಂಜೇಗೌಡ ಎಂಬ ಊರಿನ ಎಲೆಕ್ಟ್ರಿಷಿಯನ್ ಇದ್ದರು.

ಮೊದಲ ಮಳೆಗಾಲದಲ್ಲೇ ಎಡವಟ್ಟಾಯಿತು. ವಾರಗಟ್ಟಲೆ ಹೊಡೆದ ಮಳೆಗೆ ಕೆಲವು ತಟ್ಟೆಗಳ ಒಳಗೆ ನೀರು ನುಗ್ಗಿ, ಬಳಿದ ಪುಡಿ ಸಿಪ್ಪೆಯಂತೆ ಎದ್ದಿತು. ಒಂದು ಬೆಳಗ್ಗೆ ಹೋದಾಗ ಕಣದ ಕಾಲುವೆಯಲ್ಲಿ ಅಕ್ಕಿ ತೊಳೆದಂಥ ನೀರು ಹರಿಯುತ್ತಿತ್ತು. ಕಾಲುವೆ ಸೇರುವುದು ಕೆಳಗಿನ ಹಳ್ಳಕ್ಕೆ. ನಾನು ಕೊಡೆ ಬಿಸಾಡಿ ಗೋಣಿಚೀಲ ಹುಡುಕಲು ಓಡಿದೆ. ಸಹನಾ ಕೈಯಿಂದಲೇ ಮಣ್ಣು ಗೋರಿ ಅಡ್ಡ ಹಾಕುತ್ತಿದ್ದಳು. ಅಷ್ಟರಲ್ಲಿ ಪಕ್ಕದ ತೋಟದ ಕೆಲಸಕ್ಕೆ ಬರುವ ಜಯಮ್ಮ ಬಂದು ನಿಂತರು. ಆಳುಗಳನ್ನು ಕೂಡಿಸಿ ಕರೆತರುವವರೂ ಅವರೇ, ಆಳುಗಳ ಪರವಾಗಿ ಮಾತಾಡುವವರೂ ಅವರೇ.

"ಏನವ್ವ ಇದು, ಹಾಲು ಹರೀತಾ ಐತೆ?"

"ನಮ್ಮ ಪುಡಿ ಜಯಮ್ಮ. ಕಿತ್ತು ಬಂದಿದೆ."

"ಕೆಳಗೆ ನಮ್ಮ ದನ ನೀರು ಕುಡೀತವೆ. ಏನಾರ ಆಯ್ತದಾ?"

ಬಿಳಿ ಪುಡಿ ಅಷ್ಟೇನೂ ಅಪಾಯದ್ದಲ್ಲ. ಆದರೆ ಅದರ ಮೇಲೆ ಕೂರಿಸಿದ ಲೋಹಗಳು, ಅಷ್ಟು ಸಣ್ಣ ಕಣಗಳಾಗಿ, ಹಳ್ಳದ ಮೀನಿಗೂ ದನದ ಹೊಟ್ಟೆಗೂ ಹೋದರೆ ಏನು ಮಾಡುತ್ತವೆಂದು ನನಗೆ ಖಚಿತವಾಗಿ ತಿಳಿದಿರಲಿಲ್ಲ. ಏನೂ ಆಗಲ್ಲ ಎನ್ನುವ ಮಾತು ತುದಿನಾಲಿಗೆಗೆ ಬಂದಿತ್ತು.

"ನನಗೆ ಗೊತ್ತಿಲ್ಲ ಜಯಮ್ಮ. ಗೊತ್ತಾಗೋವರೆಗೆ ದನ ಈ ಕಡೆ ಬಿಡಬೇಡಿ" ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. "ಗೊತ್ತಿಲ್ದೆ ತಂದು ಮಡಗಿದ್ದೀರಾ?" ಎಂದಷ್ಟೇ ಕೇಳಿ ಕೆಳಗಿಳಿದು ಹೋದರು.

ಹಳ್ಳದ ನೀರನ್ನು ಪರೀಕ್ಷೆಗೆ ಕಳಿಸಿದೆವು. ವರದಿ ಬರುವವರೆಗೆ ಒಂದು ತಟ್ಟೆಗೂ ನೀರು ಬಿಡಲಿಲ್ಲ. ಆ ದಿನಗಳಲ್ಲಿ ಯಾರದಾದರೂ ಹಸು ಕೆಮ್ಮಿದರೂ ನಾನು ಹೋಗಿ ವಿಚಾರಿಸುತ್ತಿದ್ದೆ. ಸೋಮೇಗೌಡರ ಕೊಟ್ಟಿಗೆಯಲ್ಲಿ ಒಂದು ಕರು ಮೇವು ಬಿಟ್ಟಿದೆಯೆಂದು ಕೇಳಿ ಹೋಗಿ ನೋಡಿ ಬಂದೆ. ಅದಕ್ಕೆ ಹೊಟ್ಟೆ ಉಬ್ಬರ, ಎರಡು ದಿನಕ್ಕೆ ಸರಿಹೋಯಿತು. ವರದಿಯಲ್ಲಿ ಹೆದರುವಂಥದ್ದೇನೂ ಇರಲಿಲ್ಲ. ಆದರೂ ಕಣದ ಸುತ್ತ ಕಟ್ಟೆ ಕಟ್ಟಿಸಿ, ನೀರು ನಿಂತು ಸೋಸಿ ಹೋಗುವಂತೆ ಹೊಂಡ ತೆಗೆಸಿದೆವು. ಸಹನಾ ಪುಡಿಯನ್ನು ಬಳಿಯುವುದು ಬಿಟ್ಟು, ಗಾಜಿನ ಹಾಳೆಗೆ ಕುಲುಮೆಯಲ್ಲಿ ಸುಟ್ಟು ಕೂರಿಸುವ ವಿಧಾನ ಹುಡುಕಿದಳು. ನಮ್ಮ ವಸ್ತು ನಿಜವಾಗಿ ಸುಧಾರಿಸಿದ್ದು ಆ ಮಳೆಯಿಂದ ಎಂದು ಈಗ ಸಲೀಸಾಗಿ ಹೇಳುತ್ತೇನೆ. ಆಗ ಹಾಗೆ ಅನ್ನಿಸಿರಲಿಲ್ಲ.

ಇನ್ನು ಆನೆ ಬಂದ ದಿನದ ವಿಷಯ.

ಕಾಫಿ ಕೊಯ್ಲಿನ ಕಾಲ. ಆಕಾಶ ತೊಳೆದಿಟ್ಟಂತೆ, ಬೆಳಗಿನ ಮಂಜು ಕರಗಿದ ಮೇಲೆ ಬಿಸಿಲು ಚುರುಗುಟ್ಟುತ್ತಿತ್ತು. ತಟ್ಟೆಗಳಲ್ಲಿ ಗುಳ್ಳೆಗಳು ಸಾಲುಗಟ್ಟಿ ಏಳುವುದನ್ನು ನೋಡಲೆಂದೇ ನಾನೂ ಸಹನಾಳೂ ಕಣದಲ್ಲಿ ಕೂತಿದ್ದೆವು. ಪಕ್ಕದ ತೋಟದಲ್ಲಿ ಜಯಮ್ಮನ ಗುಂಪು ಹಣ್ಣು ಬಿಡಿಸುತ್ತಿತ್ತು. ಒಂದು ಒಂಟಿ ಸಲಗ ಈ ಕಡೆ ಸುತ್ತುತ್ತಿದೆಯೆಂದು ಹಿಂದಿನ ದಿನವೇ ಅರಣ್ಯ ಇಲಾಖೆಯಿಂದ ಎಲ್ಲರ ಮೊಬೈಲಿಗೂ ಸುದ್ದಿ ಬಂದಿತ್ತು. ಅಂಥ ಸುದ್ದಿ ವಾರಕ್ಕೆರಡು ಸಲ ಬರುತ್ತದೆ, ಕೆಲಸ ನಿಲ್ಲುವುದಿಲ್ಲ.

ಕೆಳಗೆ ಯಾರೋ ಕೂಗಿದರು. ಗಿಡಗಳು ಅಲುಗಾಡಿದವು. ಹೆಂಗಸರು ಸೊಂಟಕ್ಕೆ ಕಟ್ಟಿದ ಚೀಲಗಳೊಂದಿಗೇ ಕಣದ ಮೇಲೆ ಓಡಿ ಬಂದರು. ಓಡಲು ಇದ್ದ ಹತ್ತಿರದ ಗಟ್ಟಿ ಗೋಡೆ ನಮ್ಮ ಸ್ಟೋರೊಂದೇ. "ಒಳಕ್ಕೆ ನಡೀರವ್ವ, ಒಳಕ್ಕೆ" ಎನ್ನುತ್ತ ಮಂಜೇಗೌಡರೇ ಬಾಗಿಲು ತೆಗೆದರು. ನಾವೂ ಓಡಿದೆವು. ಬಾಗಿಲ ಸಂದಿಯಿಂದ ನೋಡಿದಾಗ ಸಲಗ ಕಣದ ಆ ತುದಿಗೆ ಬಂದು ನೀರಿನ ತೊಟ್ಟಿಗೆ ಸೊಂಡಿಲು ಇಳಿಬಿಟ್ಟಿತ್ತು. ಒಳಗೆ ಬೆವರು, ಹಸಿ ಕಾಫಿ ಹಣ್ಣಿನ ವಾಸನೆ, ಏದುಸಿರು. ಯಾರೋ ಸಣ್ಣಗೆ ಅಳುತ್ತಿದ್ದರು.

ಆಗ ಮಾಡಿನ ಕೆಳಗೆ ತೂಗುಹಾಕಿದ್ದ ಸಣ್ಣ ಪೆಟ್ಟಿಗೆ ಕೂಗತೊಡಗಿತು. ಕೆಂಪು ದೀಪ ಮಿಣುಕಿತು. ಅದು ಜಲಜನಕ ಸೋರಿದರೆ ಎಚ್ಚರಿಸುವ ಯಂತ್ರ. ಪರೀಕ್ಷೆ ಮಾಡುವಾಗಲ್ಲದೆ ಅದು ಕೂಗಿದ್ದನ್ನು ನಾನು ಕೇಳಿರಲಿಲ್ಲ.

ಜಲಜನಕಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹಗುರವಾದ್ದರಿಂದ ಮೇಲೇರಿ ಮಾಡಿನ ಕೆಳಗೆ ಸೇರುತ್ತದೆ. ಗಾಳಿಯೊಡನೆ ಸೇರಿದ ಮೇಲೆ ಒಂದು ಕಿಡಿ ಸಾಕು. ಮಂಜೇಗೌಡರ ಕೈ ಗಾಳಿ ಎಳೆಯುವ ಫ್ಯಾನಿನ ಸ್ವಿಚ್ಚಿನ ಕಡೆಗೆ ಹೋಗುತ್ತಿತ್ತು. ನಾನು ಆ ಕೈಯನ್ನು ಹಿಡಿದು ಜಗ್ಗಿದೆ.

"ಸ್ವಿಚ್ ಮುಟ್ಟಬೇಡಿ ಮಂಜೇಗೌಡ್ರೇ. ಒಳಗೆ ಕಿಡಿ ಹಾರುತ್ತೆ."

ಅವರು ಕೈ ಹಿಂದಕ್ಕೆ ಎಳೆದುಕೊಂಡರು. "ಹೊರಗೆ ಪಟಾಕಿ ಹೊಡೀತಾರೆ ಮೇಡಂ. ಆನೆ ಹಿಂದೆ ಬರೋ ಹುಡುಗ್ರು ಈಗ್ಲೇ ಬಂದ್ಬುಡ್ತಾರೆ ಕಣ್ರೀ" ಎಂದರು.

ಅದು ನನಗೆ ಹೊಳೆದೇ ಇರಲಿಲ್ಲ. ಆನೆ ಅಟ್ಟುವ ತಂಡದವರು ಪಟಾಕಿ ಸಿಡಿಸಿಕೊಂಡೇ ಬರುತ್ತಾರೆ. ಈ ಗೋಡೆಯ ಬಳಿ ಒಂದು ಸಿಡಿದರೆ ಮುಗಿಯಿತು. ಸ್ಟೋರಿನ ಒಳಗೆ ಫೋನಿಗೆ ಸಿಗ್ನಲ್ ಸಿಗುತ್ತಿರಲಿಲ್ಲ. ಹಿಂಬದಿಗೆ ಒಂದು ಸಣ್ಣ ಬಾಗಿಲಿತ್ತು, ಆದರೆ ಅದಕ್ಕೆ ಅಡ್ಡವಾಗಿ ಗಾಜಿನ ಹಾಳೆಗಳ ಪೆಟ್ಟಿಗೆಗಳನ್ನು ಪೇರಿಸಿದ್ದೆವು.

"ಎಲ್ಲರೂ ಹಿಂದಿನ ಬಾಗಿಲಿಂದ ಹೊರಗೆ ಹೋಗಬೇಕು. ಈ ಪೆಟ್ಟಿಗೆ ಸರಿಸಿ" ಎಂದೆ.

ಜಯಮ್ಮ ಕದಲಲಿಲ್ಲ. "ಹೊರಗೆ ಆನೆ ಐತೆ. ಎಲ್ಲಿಗೆ ಕಳಿಸ್ತೀರಾ?"

"ಒಳಗೆ ಗ್ಯಾಸ್ ತುಂಬಿದೆ ಜಯಮ್ಮ. ಬೆಂಕಿ ಹತ್ತಿದ್ರೆ ಯಾರೂ ಉಳಿಯಲ್ಲ. ಆನೆ ಆ ಕಡೆ ಇದೆ, ಬಾಗಿಲು ಈ ಕಡೆ. ಹಿಂದೆ ಪಲ್ಪರ್ ಶೆಡ್ ಇದೆಯಲ್ಲ, ಅಲ್ಲಿಗೆ ಹೋಗಿ."

ಅವರು ಒಂದು ಕ್ಷಣ ನನ್ನನ್ನು ನೋಡಿದರು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಹಿಡೀರೇ" ಎಂದರು. ನಾವು ಇಬ್ಬಿಬ್ಬರು ಹೊರುತ್ತಿದ್ದ ಪೆಟ್ಟಿಗೆಗಳನ್ನು ಆ ಹೆಂಗಸರು ಸದ್ದಾಗದಂತೆ ಕೈಯಿಂದ ಕೈಗೆ ದಾಟಿಸಿದರು. ಹಿಂಬಾಗಿಲು ತೆರೆಯಿತು. ಮಂಜೇಗೌಡರು ಮೊದಲು ಹೊರಬಿದ್ದು, ಬೇಲಿ ಬಳಸಿ, ತಂಡದವರನ್ನು ತಡೆಯಲು ಕೆಳಗೆ ಓಡಿದರು. ಹೆಂಗಸರು ಒಬ್ಬೊಬ್ಬರಾಗಿ, ಹಣ್ಣಿನ ಸಿಪ್ಪೆ ಬಿಡಿಸುವ ಆ ಶೆಡ್ಡಿಗೆ ದಾಟಿದರು. ಕಡೆಯದಾಗಿ ಜಯಮ್ಮ.

ಆದರೆ ಬಿಸಿಲು ತಟ್ಟೆಗಳ ಮೇಲೆ ಬೀಳುತ್ತಲೇ ಇತ್ತು. ಬೀಳುವಷ್ಟು ಹೊತ್ತೂ ಅನಿಲ ಹುಟ್ಟುತ್ತಿರುತ್ತದೆ. ಅದನ್ನು ನಿಲ್ಲಿಸಲು ಗುಂಡಿಯಿಲ್ಲ, ನೆರಳು ಮಾಡಬೇಕು ಅಷ್ಟೇ. ಇದನ್ನು ಸಹನಾಳಿಗೆ ಹೇಳಲು ತಿರುಗಿದರೆ ಅವಳಿರಲಿಲ್ಲ. ಮುಂಬಾಗಿಲಿನಿಂದ ಹೊರಗೆ ಹೋಗಿಬಿಟ್ಟಿದ್ದಳು.

ಕಣದ ಬದಿಯಲ್ಲಿ ಸುತ್ತಿಟ್ಟಿದ್ದ ಟಾರ್ಪಾಲನ್ನು ಎಳೆದು ಹತ್ತಿರದ ಸಾಲಿನ ಮೇಲೆ ಹಾಸುತ್ತಿದ್ದಳು. ಓಡುತ್ತಿರಲಿಲ್ಲ. ಬಗ್ಗಿ, ಒಂದೊಂದೇ ಹೆಜ್ಜೆ ಇಡುತ್ತಿದ್ದಳು. ಕೂಗಿ ಕರೆಯುವಂತಿಲ್ಲ. ನಾನೂ ಹೊರಗೆ ಬಂದು ಇನ್ನೊಂದು ತುದಿ ಹಿಡಿದೆ. ಎರಡನೇ ಸಾಲು ಮುಚ್ಚುವಾಗ ಟಾರ್ಪಾಲು ಪರಪರ ಎಂದಿತು. ಸಲಗ ಸೊಂಡಿಲನ್ನು ತೊಟ್ಟಿಯಿಂದ ಎತ್ತಿ ನಮ್ಮ ಕಡೆ ತಿರುಗಿತು. ಕಿವಿಗಳು ಅಗಲವಾದವು.

ಸಹನಾ ಹಿಡಿದ ಅಂಚನ್ನು ಬಿಡದೆ ಹಾಗೇ ನಿಂತಳು. ನಾನೂ ನಿಂತೆ. ಹಿಂದೆ ಆ ಪೆಟ್ಟಿಗೆ ಕೂಗುತ್ತಲೇ ಇತ್ತು. ಅದರ ಸದ್ದೇ ಆನೆಯನ್ನು ಕರೆಯುತ್ತಿದೆಯೇನೋ ಅನ್ನಿಸಿತು. ಎಷ್ಟು ಹೊತ್ತು ಹಾಗಿದ್ದೆವೋ ಹೇಳಲಾರೆ. ಅಷ್ಟು ಹೊತ್ತೂ ಪಟಾಕಿಯ ಸದ್ದು ಈಗ ಬರುತ್ತದೆ ಎಂದು ಕಿವಿಗೊಟ್ಟಿದ್ದೆ, ಅದು ಕೇಳಿಸಲಿಲ್ಲ. ಸಲಗ ನಿಧಾನಕ್ಕೆ ಮುಂದೆ ಬಂತು. ಮುಚ್ಚದೆ ಉಳಿದಿದ್ದ ಕೊನೆಯ ಸಾಲಿನ ಮೇಲೆ ಕಾಲಿಟ್ಟಿತು. ಗಾಜು ಲಟಲಟ ಮುರಿಯಿತು. ಆ ಸದ್ದು ಅದಕ್ಕೇ ಹಿಡಿಸಲಿಲ್ಲವೋ ಏನೋ, ಕಾಲನ್ನು ಹಿಂದಕ್ಕೆ ತೆಗೆದು, ಬಳಸಿಕೊಂಡು, ಕಾಫಿ ಗಿಡಗಳ ನಡುವೆ ಹಳ್ಳದ ಕಡೆಗೆ ಇಳಿದುಹೋಯಿತು.

ಸಹನಾ ಅಲ್ಲೇ ಸಿಮೆಂಟಿನ ಮೇಲೆ ಕೂತುಬಿಟ್ಟಳು. ಅವಳ ಕೈಯಿಂದ ಟಾರ್ಪಾಲಿನ ಅಂಚನ್ನು ಬಿಡಿಸಲು ನಾನು ಬೆರಳುಗಳನ್ನು ಒಂದೊಂದಾಗಿ ತೆಗೆಯಬೇಕಾಯಿತು.

ಮಂಜೇಗೌಡರು ಪಟಾಕಿಯವರನ್ನು ಕೆಳಗಿನ ಗೇಟಿನಲ್ಲೇ ತಡೆದಿದ್ದರು. ಒಬ್ಬ ಬತ್ತಿಗೆ ಬೆಂಕಿಕಡ್ಡಿ ಹಿಡಿಯುವುದರಲ್ಲಿದ್ದನಂತೆ. ಬಾಗಿಲುಗಳನ್ನೆಲ್ಲ ತೆರೆದಿಟ್ಟು, ಪೆಟ್ಟಿಗೆಯ ಕೂಗು ನಿಂತು ಬಹಳ ಹೊತ್ತಾದ ಮೇಲೆ ಅವರು ಏಣಿ ಹಾಕಿ ಮಾಡು ಹತ್ತಿದರು. ಅನಿಲ ಹೊರಗೆ ಬಿಡುವ ಕೊಳವೆಯ ಬಾಯಿಗೆ ತಂತಿ ತೂರಿಸಿದಾಗ ಒಣಮಣ್ಣಿನ ಉಂಡೆ ಉದುರಿತು. ಕಣಜದ ಹುಳ ಗೂಡು ಕಟ್ಟಿ ಕೊಳವೆಯನ್ನು ಪೂರ್ತಿ ಮೆತ್ತಿಬಿಟ್ಟಿತ್ತು. ಹೊರದಾರಿ ಇಲ್ಲದೆ ಅನಿಲ ಬೇರ್ಪಡಿಸುವ ಯಂತ್ರದ ಕೀಲುಗಳಿಂದ ಒಳಗೇ ಸೋರಿತ್ತು. ನಮ್ಮ ಸುರಕ್ಷತೆಯ ನಿಯಮಗಳಲ್ಲಿ ಕಿಡಿಯ ಬಗ್ಗೆ, ಒತ್ತಡದ ಬಗ್ಗೆ, ವಿದ್ಯುತ್ತಿನ ಬಗ್ಗೆ ಬೇಕಾದಷ್ಟಿತ್ತು. ಹುಳದ ಬಗ್ಗೆ ಯಾರೂ ಯೋಚಿಸಿರಲಿಲ್ಲ. ಅಂಥ ನಿಯಮಗಳನ್ನು ಬರೆಯುವ ಊರುಗಳಲ್ಲಿ ಬಹುಶಃ ಈ ಹುಳ ಇಲ್ಲ.

ಮರುದಿನ ಜಯಮ್ಮನ ಗುಂಪು ಕೆಲಸಕ್ಕೆ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಹಣ್ಣು ಗಿಡದಲ್ಲೇ ಕಪ್ಪಾಗಿ ಉದುರತೊಡಗಿತು. ಸೋಮೇಗೌಡರು ಬಹಳ ಸಂಕೋಚದಿಂದ, "ನೀವು ಬೇರೆ ಜಾಗ ನೋಡ್ಕಳದು ಒಳ್ಳೇದೇನೋ ಮೇಡಂ" ಎಂದರು. ಸುದ್ದಿ ಕೇಳಿ ವಾಸುದೇವ್ ಸರ್ ತಾವೇ ಬಂದರು. ಕಣದಲ್ಲೇ ಎಲ್ಲರನ್ನೂ ಕೂರಿಸಿ ಮಾತಾಡುವುದೆಂದಾಯಿತು.

ಸರ್ ಚೆನ್ನಾಗಿಯೇ ಮಾತಾಡಿದರು. ಅಡಿಗೆಯ ಸಿಲಿಂಡರಿನಲ್ಲೂ ಅಪಾಯವಿದೆ, ಆದರೂ ಬಳಸುತ್ತೇವೆ, ಅವತ್ತು ಸೋರಿದ್ದು ಸ್ವಲ್ಪ, ಅಪಾಯ ಬಹಳ ಸಣ್ಣದು ಎಂದರು. ಜಯಮ್ಮ ಎದ್ದು ನಿಂತರು.

"ಸಣ್ಣದು ಅಂತೀರಾ ಸರ್. ಅವತ್ತು ಈ ಅಮ್ಮನ ಮುಖ ನಾನು ನೋಡಿದ್ದೀನಿ. ಸಣ್ಣದಾಗಿದ್ರೆ ನಮ್ಮನ್ನ ಆನೆ ಇರೋ ಕಡೆ ಹೊರಕ್ಕೆ ಕಳಿಸ್ತಿದ್ರಾ?"

ಸರ್ ನನ್ನ ಕಡೆ ನೋಡಿದರು. ನಾನು ಏನು ಹೇಳಲಿ ಎಂದು ಅವರು ಬಯಸಿದ್ದರೋ ಗೊತ್ತಿಲ್ಲ. ಸಹನಾ ತಟ್ಟೆಗಳ ಪಕ್ಕ ನಿಂತು ನೆಲ ನೋಡುತ್ತಿದ್ದಳು. ಅವಳ ಎಷ್ಟೋ ವರ್ಷ ಆ ತಟ್ಟೆಗಳಲ್ಲಿತ್ತು.

"ಎಲ್ಲರೂ ಸತ್ತೇ ಹೋಗ್ತೀವಿ ಅಂದ್ಕೊಂಡಿದ್ದೆ ಜಯಮ್ಮ" ಎಂದೆ. "ಕೊಳವೆ ಮುಚ್ಚಿದ್ದು ನಮಗೆ ಗೊತ್ತಿರಲಿಲ್ಲ. ಆ ಕೋಣೆಗೆ ಗೋಡೆ ಇರೋದೇ ತಪ್ಪು. ಗೋಡೆ ಇಲ್ಲದಿದ್ರೆ ಗ್ಯಾಸ್ ನಿಲ್ಲೋಕೆ ಜಾಗ ಇರಲ್ಲ, ಮೇಲಕ್ಕೆ ಹೊರಟುಹೋಗುತ್ತೆ."

"ಹಂಗಾರೆ ಗೋಡೆ ಕೆಡವಿ" ಎಂದರು ಜಯಮ್ಮ.

ಸರ್ ಎದ್ದು ಹೋಗಿ ಸ್ಟೋರಿನ ಗೋಡೆಗಳನ್ನು ಸುತ್ತಿ ನೋಡಿ ಬಂದರು. "ಕೆಡವೋಕೆ ಗೌಡರು ಒಪ್ಪಬೇಕು" ಎಂದರು. ಸೋಮೇಗೌಡರು ಕೆನ್ನೆ ಕೆರೆದುಕೊಂಡರು. ಅವರಪ್ಪ ಕಟ್ಟಿಸಿದ ಗೋಡೆ ಅದು. "ಕಾಫಿ ಇಡಾಕೆ ಮನೆ ಹತ್ರ ಹೊಸದೈತೆ. ಕೆಡವ್ಕಳಿ" ಎಂದರು.

ಆ ತಿಂಗಳು ಗೋಡೆಗಳು ಹೋದವು. ಮಾಡನ್ನು ಕಂಬಗಳ ಮೇಲೆ ಎತ್ತರಿಸಿ, ಅನಿಲ ಎಲ್ಲೂ ತಂಗದಂತೆ ತುದಿಯನ್ನು ತೆರೆದು ಬಿಟ್ಟೆವು. ಕೊಳವೆಯ ಬಾಯಿಗೆ ಹುಳ ನುಗ್ಗದ ಸಣ್ಣ ಜಾಲರಿ ಬಂತು, ಅದನ್ನು ಏಣಿ ಹತ್ತಿ ನೋಡುವ ಪದ್ಧತಿ ಬಂತು. ಹೆಂಗಸರು ಕೊಯ್ಲಿಗೆ ಮರಳಿದರು. ಗುಂಪಿನಲ್ಲಿ ಎರಡು ತೋಟದಾಚೆಯಿಂದ ಬರುತ್ತಿದ್ದ ಒಬ್ಬರು ಮಾತ್ರ ಜಯಮ್ಮ ಎಷ್ಟು ಹೇಳಿದರೂ ಆ ಕಡೆ ಬರಲೇ ಇಲ್ಲ. ಬರಬೇಕೆಂದು ಕೇಳಲು ನನಗೂ ಬಾಯಿ ಬರಲಿಲ್ಲ. ಸಹನಾ ಕೂರಿಸಿದ ಹೊಸ ಹಾಳೆಗಳು ಒಂದು ಇಡೀ ಮಳೆಗಾಲವನ್ನು ತಡೆದುಕೊಂಡವು. ಬರುವ ಜಲಜನಕ ಈಗಲೂ ಸಾಲದು, ಬಿಸಿಲಿನ ಬಹುಪಾಲು ಬರೀ ಬಿಸಿಯಾಗಿಯೇ ಹೋಗುತ್ತದೆ. ನಿಮ್ಮಂಥವರಿಗೆ ಮಾಡಲು ಇನ್ನೂ ಬೇಕಾದಷ್ಟು ಉಳಿದಿದೆ.

ನನ್ನ ನಿವೃತ್ತಿಯ ದಿನ ಮೋಡ ಮುಸುಕಿತ್ತು. ಸಮಾರಂಭ ಬೇಡವೆಂದಿದ್ದೆ. ಸಹನಾಳಿಗೆ ಬೀಗದ ಕೈಗಳನ್ನು ಕೊಟ್ಟು, ಮಂಜೇಗೌಡರ ಮನೆಯಲ್ಲಿ ಕಾಫಿ ಕುಡಿದು, ಯಸಳೂರಿನಲ್ಲಿ ಸಕಲೇಶಪುರದ ಬಸ್ಸು ಹತ್ತಿದೆ. ಕಿಟಕಿ ಪಕ್ಕದ ಸೀಟು ಸಿಕ್ಕಿತು. ಮೊದಲ ತಿರುವುಗಳನ್ನು ದಾಟುವಷ್ಟರಲ್ಲಿ ಮೋಡ ಹರಿದು ಇಡೀ ಗುಡ್ಡದ ಮೇಲೆ ಬಿಸಿಲು ಸುರಿಯಿತು. ಬಸ್ಸಿನಲ್ಲಿದ್ದವರು ಹಾಯೆಂದು ಕಿಟಕಿ ಸರಿಸಿದರು. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಸಿಗ್ನಲ್ ಬರುವವರೆಗೆ ಫೋನನ್ನು ಕೈಯಲ್ಲೇ ಹಿಡಿದಿದ್ದು, ಬಂದ ಕೂಡಲೇ ಸಹನಾಳಿಗೆ ಕರೆ ಮಾಡಿದೆ.

"ಜಾಲರಿ ನೋಡಿದ್ದೀನಿ ಮೇಡಂ. ಕೊಳವೆ ತೆರೆದಿದೆ, ಎಲ್ಲ ಸರಿಯಾಗಿದೆ" ಎಂದಳು.

"ನಾನಿನ್ನೂ ಏನೂ ಕೇಳೇ ಇಲ್ವಲ್ಲ."

"ಬಿಸಿಲು ಬಂತಲ್ಲ ಮೇಡಂ. ನೀವು ಫೋನ್ ಮಾಡ್ತೀರ ಅಂತ ಗೊತ್ತಿತ್ತು. ನಾನೂ ಆಗ್ಲಿಂದ ಕೂತಿಲ್ಲ."